ಅಟ್ಟದ ಕಾಯಿ, ಕೆಳಗೆ ಹೆಂಡತಿ

ಆ ಸದ್ದು ನಿಜಕ್ಕೂ ಕೇಳಿಸಿತ್ತಾ? ಗ್ಯಾರಂಟಿ ಕೊಡಲಾರೆ. ಆಮೇಲೆ ನಾನೇ ಕಟ್ಟಿಕೊಂಡ ನೆನಪೂ ಇರಬಹುದು. (ಫಿಸಿಕ್ಸ್ ಎಂ.ಎಸ್ಸಿ. ಮಾಡಿದವನು ಹೀಗೆ ಬರೆಯುವುದು ಮುಜುಗರವೇ.)

ಹೆಂಡತಿಗೆ ಏಳು ತಿಂಗಳು. ಬಿ.ಪಿ. ಏರಿತ್ತು. ತಿಪಟೂರಿನ ಡಾಕ್ಟರು, "ಭಾರ ಎತ್ತಬೇಡಿ, ಮಾತ್ರೆ ತಪ್ಪಿಸಬೇಡಿ, ಮನೆಯೊಳಗೆ ಓಡಾಡಿಕೊಂಡಿರಿ" ಎಂದಿದ್ದರು. ನೊಣವಿನಕೆರೆ ಹತ್ತಿರದ ತವರಿಗೆ ಹೋದದ್ದೇ ತಡ, ಅತ್ತೆ ಆ ಕೊನೆಯ ಮಾತನ್ನು ರದ್ದು ಮಾಡಿದರು. ಅಟ್ಟದ ಕೆಳಗಿನ ತಂಪು ಕೋಣೆಯಲ್ಲಿ ಹಾಸಿಗೆ. ಊಟವೂ ಅಲ್ಲೇ. ಏಳುವುದು ಬಚ್ಚಲಿಗೆ ಮಾತ್ರ.

"ಅಟ್ಟದ್ ಕಾಯಿ ನೋಡೇ. ಅಲ್ಲಾಡ್ದೆ ಬಿದ್ದಿರ್ತವಲ್ಲ, ಅದುಕ್ಕೇ ಒಳಗೆ ಕೊಬ್ಬರಿ ಚೆನ್ನಾಗಿ ಕೂಡೋದು."

"ನಾನೇನ್ ಕೊಬ್ಬರಿ ಆಗ್ಬೇಕೇನಮ್ಮಾ?"

"ಮೊದ್ಲು ಬಾಯಿಗೊಂದು ರೆಸ್ಟ್ ಕೊಡು ಕಣೇ!"

ನಮ್ಮ ಕಡೆ ಸಿಪ್ಪೆಸಮೇತ ಅಟ್ಟಕ್ಕೇರಿಸಿದ ತೆಂಗಿನಕಾಯಿಯನ್ನು ವರ್ಷದವರೆಗೆ ಯಾರೂ ಮುಟ್ಟುವುದಿಲ್ಲ. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಕೊಬ್ಬರಿಗೆ ಸರಿ. ಬಸುರಿಗೆ? ವಾದಿಸಿದೆ. "ಗಂಡಸ್ರಿಗೇನ್ ಗೊತ್ತು ಬುಡಿ" ಎಂದು ಅತ್ತೆ ಎದ್ದು ಹೋದರು.

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ನಾನು, ಅತ್ತೆ. ತೋಟದಲ್ಲಿ ಒಂದು ಗರಿಯೂ ಅಲುಗುತ್ತಿರಲಿಲ್ಲ. ಅಟ್ಟದ ಮೇಲೆ ಲೊಡಲೊಡ. ನಿಂತಿತು. ಮತ್ತೆ ಲೊಡಲೊಡ, ಈ ಸಲ ಕೋಣೆಯ ನೆತ್ತಿಯ ಮೇಲೇ. ಯಾರೋ ಒಂದೊಂದೇ ಕಾಯಿ ಎತ್ತಿ, ಕಿವಿಗೆ ಹಿಡಿದು ಅಲ್ಲಾಡಿಸುತ್ತಾ ನಡೆದ ಹಾಗೆ.

"ಇಲಿ ಇರ್ಬೇಕು ಕಣ್ರೀ" ಎಂದರು ಅತ್ತೆ. ಸೊಪ್ಪು ಬಿಡಿಸುತ್ತಿದ್ದ ಅವರ ಕೈ ಮಾತ್ರ ನಿಂತಿತ್ತು.

ಕೋಣೆಗೆ ಓಡಿದೆ. ಹೆಂಡತಿ ಸೂರನ್ನೇ ನೋಡುತ್ತಿದ್ದಳು.

"ಯಾರ್ರೀ ಮೇಲೆ? ಆಗ್ಲಿಂದ ಓಡಾಡ್ತಾವ್ರೆ. ನನ್ ಕಾಲ್ ನೋಡ್ರೀ, ಎತ್ತಕ್ಕೇ ಆಯ್ತಿಲ್ಲ."

ಎಡಗಾಲು ಮಾತ್ರ ಊದಿತ್ತು. ಮುಟ್ಟಿದರೆ ಬಿಸಿ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ರಕ್ತನಾಳದಲ್ಲಿ ಹೆಪ್ಪು. "ಬಸುರಿನಲ್ಲಿ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುತ್ತೆ. ಅದರ ಮೇಲೆ ಹಗಲೂ ರಾತ್ರಿ ಮಲಗಿಸಿದ್ರೆ? ಇದು ಶ್ವಾಸಕೋಶಕ್ಕೆ ಹೋಗಿದ್ರೆ ಇಬ್ಬರ ಜೀವಕ್ಕೂ ಕುತ್ತು. ಯಾರ್ರೀ ಮಲಗಿಸಿದ್ದು?" ಡಾಕ್ಟರು ರೇಗಿದರು.

ಇಂಜೆಕ್ಷನ್ ನಡೆಯುತ್ತಿದೆ. ಮಗು ಒಳಗೆ ಚೆನ್ನಾಗಿ ಒದೆಯುತ್ತಿದೆ. ಡಾಕ್ಟರು ಒಪ್ಪಿದ ಮೇಲೆ ಅತ್ತೆಯೇ ಮಗಳ ಕೈ ಹಿಡಿದು ಅಂಗಳದಲ್ಲಿ ನಡೆಸುತ್ತಾರೆ. ಸದ್ದಿನ ಸುದ್ದಿ ಯಾರೂ ಎತ್ತುವುದಿಲ್ಲ. ಇಲಿಯೇ ಇರಬೇಕು. ಒಣಗಿದ ಕಾಯಿ ಉರುಳಿಸಿರಬೇಕು. ಅಷ್ಟೇ ತಾನೆ?

ಮೊನ್ನೆ ಏಣಿ ಹಾಕಿ ಹತ್ತಿದೆ. ಒಂದೊಂದೇ ಕಾಯಿ ಅಲ್ಲಾಡಿಸಿದೆ. ಎಲ್ಲವೂ ಅವತ್ತಿದ್ದವೇ, ಈ ಸಲದ ಹೊಸ ಕಾಯಿ; ಒಂದೂ ಲೊಡಲೊಡ ಎನ್ನಲಿಲ್ಲ, ಒಂದರಲ್ಲೂ ಇನ್ನೂ ನೀರು ಇಂಗಿಲ್ಲ.