ಕರೆಂಟು ಪೆಟ್ಟಿಗೆಯ ರಿಪೇರಿ

ನಮ್ಮ ಕಡೆ ಹಾರ್ಮೋನಿಯಂಗೆ ಪೆಟ್ಟಿಗೆ ಅನ್ನುತ್ತಾರೆ. ಅಪ್ಪ ಪೆಟ್ಟಿಗೆ ಮೇಷ್ಟ್ರು. ಕಿಕ್ಕೇರಿ, ಬೂಕನಕೆರೆ, ಆಚೆ ನಾಗಮಂಗಲದ ತನಕ ಊರೂರು ಸುತ್ತಿ, ಗದ್ದೆ ಉಳುವವರಿಗೂ ಡೈರಿಗೆ ಹಾಲು ಹಾಕುವವರಿಗೂ ಪೌರಾಣಿಕ ನಾಟಕ ಕಲಿಸುತ್ತಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ ಚಿಕ್ಕಪ್ಪ ಒಂದು ಎಲೆಕ್ಟ್ರಾನಿಕ್ ಪಿಯಾನೊವನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು. ಶ್ರೀರಂಗಪಟ್ಟಣದ ಹೊಳೆ ದಂಡೆಯ ಹೋಟೆಲಿನವರು ಬೇಡವೆಂದು ಮಾರಿದ್ದು. ಊರು ಅದನ್ನು ಕರೆಂಟು ಪೆಟ್ಟಿಗೆ ಎಂದು ಕರೆಯಿತು. ಒಂದು ಗುಂಡಿ ಒತ್ತಿ ನುಡಿಸಿದರೆ ನುಡಿಸಿದ್ದನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತಿತ್ತು. ಇನ್ನೊಂದು ಗುಂಡಿ ಒತ್ತಿದರೆ ಯಾರೂ ಮುಟ್ಟದೆ ತಾನೇ ನುಡಿಯುತ್ತಿತ್ತು.

ಅಪ್ಪ ಮೊದಲು ಮೂಗು ಮುರಿದರು.

“ತಿದಿನೇ ಇಲ್ವಲ್ಲೋ ಇದ್ಕೆ. ಉಸುರಿಲ್ದಿದ್ದು ಅದೆಂಥ ಪೆಟ್ಟಿಗೆಲಾ?”

“ನೀನು ಬೇರೆ ಊರ್‍ಗೆ ಓದಾಗ ನಾವು ಇಲ್ಲಿ ಸುಮ್ನೆ ಕೂತಿರ್ಬೇಕಾ? ನುಡ್ಸಿಟ್ಟೋಗಣ್ಣ, ನಾವು ಆಡ್ಕತೀವಿ” ಅಂದರು ಚಿಕ್ಕಪ್ಪ.

ಆ ಮಾತು ಅಪ್ಪನಿಗೆ ಸರಿಯೆನಿಸಿತು. ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವರಿಂದ ಹಾಡಿಸುತ್ತ, ನಾಟಕದ ಹಾಡುಗಳನ್ನು ನುಡಿಸಿ ಅದರೊಳಗೆ ತುಂಬಿಸಿಟ್ಟರು. ದನಿ ಅದಕ್ಕೆ ಕೇಳಿಸದು, ಬೆರಳು ಮಾತ್ರ ಗೊತ್ತು. ನಾನಾಗ ನಾಗಮಂಗಲದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದುಕೊಂಡು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೆ. ಆ ತಾಲೀಮು ಒಂದನ್ನೂ ನೋಡಲಿಲ್ಲ.

ಪಿಯಾನೊ ಸುಟ್ಟುಹೋದದ್ದನ್ನು ಮಾತ್ರ ಕಣ್ಣಾರೆ ನೋಡಿದೆ. ಚಿಕ್ಕಪ್ಪನದು ಒಂದು ಹಟ, ಮೈಕ್‌ಸೆಟ್ಟೂ ಅವರದೇ, ಲೈಟೂ ಅವರದೇ, ಗದೆ ಹೊರುವ ಪಾತ್ರವೂ ಅವರದೇ. ನಮ್ಮೂರಲ್ಲಿ ಮನೆ ಲೈನಿನ ಕರೆಂಟು ಕೈಕೊಟ್ಟಾಗ ಪಂಪ್‌ಸೆಟ್ಟಿನ ಕಂಬದಿಂದ ಒಂದೇ ತಂತಿ ಎಳೆದು, ಇನ್ನೊಂದರ ಬದಲು ಕಬ್ಬಿಣದ ಸರಳನ್ನು ನೆಲಕ್ಕೆ ಹೊಡೆದು ಬುಡಕ್ಕೆ ನೀರು ಹುಯ್ಯುತ್ತಿದ್ದರು. ಅದಕ್ಕೆ ಅರ್ತು ಕೊಡುವುದು ಎಂದು ಹೆಸರು. ಪಂಪ್‌ಸೆಟ್ಟಿನ ಮನೆಗಳಲ್ಲೆಲ್ಲ ಬಲ್ಬು ಉರಿಯುತ್ತಿದ್ದದ್ದೇ ಹಾಗೆ. ನಾಟಕದ ದಿನ ಚಿಕ್ಕಪ್ಪ ದೀಪಗಳನ್ನು ಒಂದು ಫೇಸಿಗೆ, ಮೈಕು ಪಿಯಾನೊಗಳನ್ನು ಇನ್ನೊಂದು ಫೇಸಿಗೆ ಕೊಟ್ಟು, ಎರಡಕ್ಕೂ ಒಂದೇ ಸರಳು ಹೊಡೆದಿದ್ದರು. ಬುಡ ಒದ್ದೆಯಾಗಿರುವವರೆಗೆ ತೊಂದರೆಯಿಲ್ಲ. ಒಣಗಿತೋ, ಎರಡು ಫೇಸಿನ ಜೋರೂ ಸೇರಿಕೊಂಡು ಹೊರೆ ಕಡಿಮೆಯಿರುವ ಮೈಕು ಪಿಯಾನೊಗಳ ಕಡೆಗೆ ನುಗ್ಗುತ್ತದೆ. ನೀರು ಹುಯ್ಯುವ ಕೆಲಸವನ್ನೂ ಅವರು ಯಾರಿಗೂ ಬಿಟ್ಟಿರಲಿಲ್ಲ. ಕಿರೀಟ ಮೀಸೆಗಳ ಸಮೇತ ಸೀನಿನ ನಡುವೆ ಹಿಂದಕ್ಕೆ ಓಡಿ, ಒಂದು ಕೊಡ ಹುಯ್ದು, ಮತ್ತೆ ಬಂದು ಗರ್ಜಿಸುತ್ತಿದ್ದರು.

ಆ ದಿನ ಅವರ ಒಂದು ಹಾಡಿಗೆ ಜನ ಒನ್ಸ್ ಮೋರ್ ಅಂದರು. ಹಾಡಿದರು. ಮತ್ತೆ ಅಂದರು. ಜನ ಬಿಡಲಿಲ್ಲ ಅನ್ನುವುದು ಚಿಕ್ಕಪ್ಪನ ವಾದ. ಅವರಿಗೂ ಬಿಡುವ ಮನಸ್ಸಿರಲಿಲ್ಲ ಅನ್ನುವುದು ನನ್ನದು. ಮುಂದೆ ಅವರು ಎದೆಯುಬ್ಬಿಸಿ ನಿಂತಿರುವಾಗ ಹಿಂದೆ ಸರಳಿನ ಬುಡ ಒಣಗಿತು. ದೀಪ ಮಂಕಾಯಿತು, ಮೈಕು ಕಿರುಚಿತು, ಪಿಯಾನೊದ ಬೆನ್ನಿಂದ ಹೊಗೆ ಎದ್ದಿತು. ಅಪ್ಪ ಪಕ್ಕದಲ್ಲಿದ್ದ ಹಳೆಯ ಪೆಟ್ಟಿಗೆಯನ್ನು ಎಳೆದುಕೊಂಡು ಹಾಡನ್ನು ಅಲ್ಲಿಂದಲೇ ಮುಂದುವರಿಸಿದರು. ತಮ್ಮನಿಗೆ ಒಂದು ಮಾತೂ ಬೈಯಲಿಲ್ಲ. ಅಪ್ಪನ ಪಾಲಿನದನ್ನೂ ಸೇರಿಸಿ ನಾನು ಬೈದೆ.

ಮಾರನೆಯ ವರ್ಷ ಅಪ್ಪ ಹೋಗಿಬಿಟ್ಟರು. ಎದೆನೋವು ಅಂದವರನ್ನು ಪಾಂಡವಪುರದ ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ನಮಗೆ ಹೊಳೆದದ್ದು, ಅಪ್ಪ ನುಡಿಸಿದ ಒಂದೇ ಒಂದು ಹಾಡೂ ನಮ್ಮಲ್ಲಿ ಇರಲಿಲ್ಲ. ಮನೆಯಲ್ಲಿ ಟೇಪ್‌ರೆಕಾರ್ಡರು ಇತ್ತು, ಕ್ಯಾಸೆಟ್ಟುಗಳಿದ್ದವು. ಬೆಳಗಾದರೆ ಕಿವಿಗೆ ಬೀಳುವ ನಾದವನ್ನು ಯಾರು ಟೇಪು ಮಾಡಿಡುತ್ತಾರೆ?

ಒಂದು ಮಧ್ಯಾಹ್ನ ಚಿಕ್ಕಪ್ಪ ಹಳೆಯ ಕಂಬಳಿ ಸುತ್ತಿದ ಪಿಯಾನೊವನ್ನು ತಂದು ನಮ್ಮ ಜಗಲಿಯ ಮೇಲಿಟ್ಟರು. ಡಿಪ್ಲೊಮಾ ಮುಗಿಸಿ ನಾನು ಆ ಜಗಲಿಯಲ್ಲೇ ರೇಡಿಯೊ ಟಿವಿ ರಿಪೇರಿ ಮಾಡುತ್ತಿದ್ದೆ.

“ಅಣ್ಣ ನುಡ್ಸಿದ್ದು ಇದ್ರೊಳಗೆ ಇನ್ನೂ ಐತೇನವ್ವ?” ಎಂದು ಕೇಳಿದರು. ನನ್ನ ಮುಖ ನೋಡದೆ ಕಂಬಳಿ ಮಡಿಸುತ್ತಿದ್ದರು.

ಬಿಚ್ಚಿ ನೋಡಿದೆ. ಫ್ಯೂಸು ಹೋಗಿತ್ತು, ಪವರ್ ಸಪ್ಲೈಯ ದೊಡ್ಡ ಕಂಡೆನ್ಸರು ಪೂರಿಯ ಹಾಗೆ ಉಬ್ಬಿತ್ತು, ಡಯೋಡು ಸುಟ್ಟಿತ್ತು, ವೋಲ್ಟೇಜನ್ನು ಹದ್ದುಬಸ್ತಿನಲ್ಲಿಡುವ ರೆಗ್ಯುಲೇಟರು ಸತ್ತಿತ್ತು. ಇವೆಲ್ಲ ಬದಲಿಸಬಹುದಾದವು. ಒಳಗಿನ ಬೋರ್ಡಿನ ಮೇಲೆ ನಾಣ್ಯದಂಥ ಒಂದು ಪುಟ್ಟ ಬ್ಯಾಟರಿ ಇತ್ತು. ಕರೆಂಟಿಲ್ಲದಾಗ ಪಿಯಾನೊದ ನೆನಪನ್ನು ಕಾಪಾಡುವುದು ಅದೇ. ಮೀಟರಿಟ್ಟು ನೋಡಿದರೆ ಕೊನೆಯ ಹಂತದಲ್ಲಿತ್ತು. ಅದನ್ನು ತೆಗೆದರೆ ಅಪ್ಪ ನುಡಿಸಿದ್ದು ಅಳಿಸಿಹೋಗುತ್ತದೆ. ತೆಗೆಯದೆ ಬಿಟ್ಟರೆ ಇವತ್ತೋ ನಾಳೆಯೋ ತಾನೇ ಬರಿದಾಗುತ್ತದೆ. ಸಪ್ಲೈ ಸರಿಹೋಗಿ ಬೋರ್ಡಿಗೆ ಸರಿಯಾದ ವೋಲ್ಟೇಜು ಸಿಕ್ಕರಷ್ಟೇ ಬಚಾವು. ತಪ್ಪು ವೋಲ್ಟೇಜು ಹೋದರೆ ಆ ಗಳಿಗೆಗೇ ಎಲ್ಲ ಮುಗಿಯಿತು. ಇದನ್ನು ಹೇಳಿದಾಗ ಚಿಕ್ಕಪ್ಪ ಜಗಲಿಯ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟರು.

ಹಳೆಯ ಟಿವಿ ಬೋರ್ಡುಗಳಿಂದ ಡಯೋಡು, ರೆಗ್ಯುಲೇಟರು ಕಿತ್ತೆ. ಕಂಡೆನ್ಸರನ್ನು ಕೆ.ಆರ್. ಪೇಟೆಗೆ ಹೋಗಿ ತಂದೆ. ಒಂದೊಂದನ್ನೇ ಬೆಸುಗೆ ಹಾಕಿ ಕೂರಿಸಿದೆ. ಸಪ್ಲೈಯನ್ನು ಬೋರ್ಡಿಗೆ ಜೋಡಿಸದೆ, ಮೊದಲು ಒಂದು ಬಲ್ಬಿನ ಮೂಲಕ ಕರೆಂಟು ಕೊಟ್ಟೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತದೆ, ಸಾಮಾನು ಉಳಿಯುತ್ತದೆ. ಬಲ್ಬು ಮಿಣಕ್ ಎಂದು ಆರಿತು.

“ಸರೋಯ್ತಲ್ಲ, ಸಿಕ್ಕಿಸ್ಬುಡವ್ವ” ಅಂದರು ಚಿಕ್ಕಪ್ಪ.

“ನಿಮ್ಮ ಆತುರದಿಂದ್ಲೇ ಅಲ್ವಾ ಇದು ಇಲ್ಲಿಗ್ ಬಂದಿರೋದು. ಸುಮ್ನೆ ಕೂತ್ಕಳಿ.”

ಅವರು ಮತ್ತೆ ಕಂಬದ ಬುಡಕ್ಕೆ ಹೋಗಿ ಕೂತರು. ಅವರನ್ನು ಹಾಗೆ ಯಾರೂ ಕೂರಿಸಿದ್ದಿಲ್ಲ. ಆಡಿದ ಮೇಲೆ ನನಗೇ ಕಸಿವಿಸಿಯಾಯಿತು. ಅಳೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆದೆ. ವೋಲ್ಟೇಜು ಅಲುಗಲಿಲ್ಲ. ಅಮ್ಮ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತರು. ಬೋರ್ಡಿಗೆ ಜೋಡಿಸಿ ಸ್ವಿಚ್ಚು ಹಾಕಿದೆ. ಕೆಂಪು ದೀಪ ಹತ್ತಿತು. ಗುಂಡಿ ಒತ್ತಿದೆ.

ಅಪ್ಪ ನುಡಿಸತೊಡಗಿದರು. ಅದೇ ಬೀಸು, ಸಾಲಿನ ತುದಿಯಲ್ಲಿ ಕಿರುಬೆರಳಿನಿಂದ ಹಾಕುತ್ತಿದ್ದ ಅದೇ ಕೊಂಕು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಚಿಕ್ಕಪ್ಪ ಎದ್ದು ನಿಂತು, ಮೊದಲು ಗಂಟಲೊಳಗೇ, ಆಮೇಲೆ ತೆರೆದ ದನಿಯಲ್ಲಿ ಹಾಡಿದರು. ಖುಷಿಗೆ ನನಗೆ ಅಳು ಬರುತ್ತಿತ್ತು.

ಹಾಡು ಏರುತ್ತ ಏರುತ್ತ ಒಂದು ಕಡೆ ನಿಂತುಬಿಟ್ಟಿತು. ಒಂದೇ ಸ್ವರ, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ. ಎಲ್ಲೋ ವೋಲ್ಟೇಜು ಕುಸಿಯಿತೆಂದು ಗಾಬರಿಯಾಗಿ ಸ್ವಿಚ್ಚಿಗೆ ಕೈ ಹಾಕಿದೆ. ಚಿಕ್ಕಪ್ಪ ನನ್ನ ಕೈ ಹಿಡಿದುಕೊಂಡರು.

“ಆರಿಸ್ಬ್ಯಾಡ ಕಣವ್ವ. ಕೆಟ್ಟಿಲ್ಲ ಅದು. ಅವತ್ತು ಇದ್ಕೆ ತುಂಬ್ಸೋವಾಗ ನಂಗೆ ಇಲ್ಲಿ ಸಾಲು ಮರ್ತೋಗಿತ್ತು. ಅಣ್ಣ ಕಾಯ್ತಾವ್ನೆ.”

ಸ್ವರ ಹಾಗೇ ನಿಂತಿತ್ತು. ಆಮೇಲೆ ಮುಂದಿನ ಸಾಲಿನ ಎತ್ತುಗಡೆ ಮೆಲ್ಲಗೆ ಕೇಳಿಸಿತು, ಮತ್ತೆ ನಿಂತು ಇನ್ನೊಮ್ಮೆ ಕೇಳಿಸಿತು. ಚಿಕ್ಕಪ್ಪನಿಗೆ ಆ ಸಾಲು ಈಗ ಬಾಯಿಪಾಠ. ಆದರೂ ಅಪ್ಪ ಎರಡನೆಯ ಸಲ ಎತ್ತಿಕೊಡುವವರೆಗೂ ಅವರು ಬಾಯಿ ತೆರೆಯಲಿಲ್ಲ.