ಮುರಿಗೆಪ್ಪನ ಕೌಂಟರು

ಕಳೆದ ವಾರ ದಾವಣಗೆರೆಯ ಹೊಸ ಮಾಲೊಂದರಲ್ಲಿ, ಮೊಮ್ಮಗಳು ಚಪ್ಪಲಿ ನೋಡುತ್ತಿದ್ದ ಹೊತ್ತಿನಲ್ಲಿ, ಕಪ್ಪು ಯೂನಿಫಾರ್ಮಿನ ಹುಡುಗಿಯೊಬ್ಬಳು ನನ್ನನ್ನು ಹಿಡಿದುಹಾಕಿದಳು. "ಒಂದ್ ನಿಮಿಷ ಮೇಡಂ, ಟೂ ಶೇಡ್ಸ್ ಬ್ರೈಟ್ ಆಗ್ತೀರಿ" ಎಂದವಳೇ ಬ್ರಷ್ಷಿನಿಂದ ನನ್ನ ಎಡಗೆನ್ನೆಗೆ ಏನನ್ನೋ ಸವರಿಬಿಟ್ಟಳು. ಎಂಬತ್ತು ದಾಟಿದ ನನ್ನನ್ನು ಬ್ರೈಟ್ ಮಾಡಿ ಯಾರಿಗೆ ತೋರಿಸಬೇಕಾಗಿತ್ತೋ ಆ ತಾಯಿಗೆ. ಚುರುಕಾಗಿ ಏನಾದರೂ ಅನ್ನೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ವಾಸನೆ ಮೂಗಿಗೆ ಬಡಿಯಿತು. ಕಂಪನಿಗಳು ಡಬ್ಬಿ ಬದಲಿಸಿವೆ, ಹೆಸರು ಬದಲಿಸಿವೆ, ಆ ಒಣಗುಲಾಬಿಯ ವಾಸನೆಯೊಂದನ್ನು ಮಾತ್ರ ಬಿಟ್ಟಿಲ್ಲ. ನಾನು ಬೈಯುವುದನ್ನು ಮರೆತು ಸೀದಾ ಮಂಡಿಪೇಟೆಗೆ ಹೋಗಿಬಿಟ್ಟೆ, ಇದೇ ಊರಿನ ಅರವತ್ತರ ದಶಕದ ಮಂಡಿಪೇಟೆಗೆ. ನೀವೂ ಬನ್ನಿ.

ಅಲ್ಲೊಂದು ಫ್ಯಾನ್ಸಿ ಸ್ಟೋರು. ಬಳೆ, ರಿಬ್ಬನ್ನು, ಹೇರ್‌ಪಿನ್ನು ಬಾಗಿಲಲ್ಲೇ. ಮುಖಕ್ಕೆ ಹಚ್ಚುವ ಸ್ನೋ, ಪೌಡರು, ಸೆಂಟು ಒಳಗೆ, ಗಾಜಿನ ಕೌಂಟರಿನಲ್ಲಿ. ಆ ಕೌಂಟರಿನ ದೊರೆ ಮುರಿಗೆಪ್ಪ. ಅವನ ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ, ಕುತ್ತಿಗೆಯಿಂದ ಕೆಳಗೆ ಮಾತ್ರ ನಮ್ಮೆಲ್ಲರ ಹಾಗೆ ಎರೆಮಣ್ಣಿನ ಬಣ್ಣ. ತನ್ನ ಸರಕಿಗೆ ತಾನೇ ಜಾಹೀರಾತು. ಪರಹೆಣ್ಣಿನ ಮುಖ ಮುಟ್ಟುವ ಕಾಲ ಅದಲ್ಲವಲ್ಲ, ಹಾಗಾಗಿ ಪೌಡರಿನ ಪಫ್ಫನ್ನು ಜೊತೆಗೆ ಬಂದ ತಾಯಂದಿರ ಕೈಗೆ ಕೊಟ್ಟು, ತಾನು ಆಚೆ ನಿಂತು ಟ್ರಾಫಿಕ್ ಪೊಲೀಸನಂತೆ ಕೈ ಆಡಿಸುತ್ತಿದ್ದ. ಮೇಲೆ, ಇನ್ನೂ ಮೇಲೆ, ಮೂಗಿನ ಪಕ್ಕ, ಸ್ಟಾಪ್. ಒಂದೇ ಕೆನ್ನೆಗೆ ಹಚ್ಚಿಸುವುದು ಅವನ ವಿದ್ಯೆ. ಆಮೇಲೆ ಕನ್ನಡಿ ಹಿಡಿದು ಸುಮ್ಮನಾಗಿಬಿಡುತ್ತಿದ್ದ. ಅರ್ಧ ಮುಖ ಬಿಳಿ, ಅರ್ಧ ಮುಖ ತನ್ನದು ಅಂತ ಇಟ್ಟುಕೊಂಡು ಮಂಡಿಪೇಟೆಯಲ್ಲಿ ನಡೆದುಹೋಗುವ ಧೈರ್ಯ ಯಾವ ಹೆಣ್ಣಿಗಿತ್ತು?

ನಾನು ಅವನ ಕೈಗೆ ಸಿಕ್ಕಿದ್ದು ಹರಿಹರದ ಹುಡುಗನ ಸಲುವಾಗಿ. ಆಗ ನಾನು ಬಿ.ಎ. ಮುಗಿಸಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ, ಆ ಕೆಲಸದ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದೆ. ಮೊದಲು ನೋಡಿ ಹೋದವರು ಬಣ್ಣ ಸಾಲದು ಅಂದರು. ಎರಡನೆಯವರು ಬಣ್ಣವನ್ನು ಹೇಗೋ ಕ್ಷಮಿಸಿ, ಕೆಲಸ ಬಿಡಬೇಕು ಅಂದರು. ಹರಿಹರದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಈ ಮೂರನೆಯವನು ಕೆಲಸಕ್ಕೆ ಅಡ್ಡಿಯಿಲ್ಲ ಅಂದಿದ್ದಾನೆಂದು ಅಲ್ಲಿದ್ದ ನನ್ನ ಸೋದರತ್ತೆ ಹೇಳಿಕಳಿಸಿದ್ದಳು. ಅತ್ತೆಯ ಬಾಯಲ್ಲಿ ಬಂದ ಸುದ್ದಿಯನ್ನು ಅರ್ಧಕ್ಕೆ ಇಳಿಸಿ ನಂಬುವುದು ನಮ್ಮ ಮನೆಯ ಪದ್ಧತಿ. ಆದರೂ ಇದು ಕೂಡಿಬರಲಿ ಎಂದು ಅವ್ವನಿಗಿಂತ ನನಗೇ ಹೆಚ್ಚು ಆಸೆಯಿತ್ತು. ಬಣ್ಣವೊಂದನ್ನು ದಾಟಿಸಿದರೆ ಸಾಕು ಎಂದು ಅವ್ವ ನನ್ನನ್ನು ಮುರಿಗೆಪ್ಪನ ಮುಂದೆ ನಿಲ್ಲಿಸಿದಳು.

ಕಾನ್ವೆಂಟಿನ ಸಿಸ್ಟರುಗಳು ನನಗೆ ಟೇಬಲ್ ಮ್ಯಾನರ್ಸ್ ಕಲಿಸಿದ್ದರು, ಪಿಯಾನೋದ ಮೇಲಿನ ಧೂಳು ಒರೆಸಲು ಕಲಿಸಿದ್ದರು, ಬೇಡ ಅನ್ನುವುದನ್ನೊಂದು ಕಲಿಸಲಿಲ್ಲ. ನೇರವಾಗಿ ಬೇಡ ಅನ್ನುವುದು ರೂಡ್. "ಥ್ಯಾಂಕ್ ಯು, ಪರ್‌ಹ್ಯಾಪ್ಸ್ ಅನದರ್ ಡೇ" ಅನ್ನಬೇಕು. ಅಂದೆ. ಇಂಗ್ಲಿಷ್ ಕಿವಿಗೆ ಬಿದ್ದದ್ದೇ ತಡ, ಮುರಿಗೆಪ್ಪ ಮುಂದಿದ್ದ ತಗಡಿನ ಡಬ್ಬಿಯನ್ನು ನಾಚಿಕೆಯಿಂದ ಒಳಗಿಟ್ಟು, ಸ್ಟೂಲು ಹತ್ತಿ ಅಟ್ಟದಿಂದ ಫಾರಿನ್ ಡಬ್ಬಿ ಇಳಿಸಿದ.

"ತಂಗ್ಯಮ್ಮಾರು ಇಂಗ್ಲೀಷ್‌ನಾಗ ಮಾತಾಡ್ತಾರ, ಅವರಿಗೆ ಈ ಲೋಕಲ್ ಮಾಲು ಹೆಂಗ್ ಹಿಡಸ್ತೈತ್ರಿ ಅವ್ವಾರ" ಎಂದ.

ಎಡಗೆನ್ನೆಗೆ ಆಯಿತು. ಕನ್ನಡಿ ಬಂತು. ಅವ್ವ ಒಂದು ಗಳಿಗೆ ನೋಡಿ, ಇನ್ನೊಂದು ಕೆನ್ನೆಗೂ ಕೊಡಪ್ಪ ಎಂದು ತಾನೇ ಕೇಳಿದಳು.

ಹೆಣ್ಣು ತೋರಿಸುವ ಶಾಸ್ತ್ರ ಅತ್ತೆಯ ಮನೆಯಲ್ಲೇ ಎಂದಾಗಿತ್ತು, ಹರಿಹರಕ್ಕೆ ಬಸ್ಸಿನಲ್ಲಿ ಹೋದೆವು. ಬೇಸಿಗೆ. ಮುಖಕ್ಕೆ ಧೂಳು ಕೂರಬಾರದೆಂದು ಅವ್ವ ಕಿಟಕಿ ಹಾಕಿಸಿದಳು, ಇಡೀ ಬಸ್ಸು ನನ್ನ ಕಾಂಪ್ಲೆಕ್ಷನ್ನಿಗಾಗಿ ಬೆಂದಿತು. ಅತ್ತೆಯ ಮನೆಯಲ್ಲಿ ಸ್ನೋ ಮೊದಲು, ಅದರ ಮೇಲೆ ಪೌಡರು, ಭಯಕ್ಕೆ ಮತ್ತೊಂದು ಸುತ್ತು ಪೌಡರು. ಕನ್ನಡಿಯೊಳಗೆ ಯಾರೋ ಒಬ್ಬಳು ಕಾಹಿಲೆಯಿಂದ ಎದ್ದು ಕೂತಿದ್ದಳು. ಚಹಾದ ತಟ್ಟೆ ಹಿಡಿದು ಪಡಸಾಲೆಗೆ ಬಂದೆ. ಹುಡುಗ ತಲೆ ತಗ್ಗಿಸಿದ್ದ. ಅವನ ಅಜ್ಜಿ ಮಾತ್ರ ತಲೆ ಎತ್ತಿಕೊಂಡೇ ಕೂತಿದ್ದಳು.

ನಮ್ಮಲ್ಲಿ ಹಿರಿಯರ ಕಾಲಿಗೆ ಬಿದ್ದರೆ ಅವರು ಹಣೆಗೆ ವಿಭೂತಿ ಹಚ್ಚುತ್ತಾರೆ. ಬಿದ್ದೆ. ಅಜ್ಜಿ ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಮೂರು ಬೆರಳು ತಿಕ್ಕಿ, ನನ್ನ ಹಣೆಯ ಮೇಲೆ ಅಡ್ಡಲಾಗಿ ಎಳೆದಳು. ಎಳೆದವಳು ಬಗ್ಗಿ ನೋಡಿದಳು. ವಿಭೂತಿ ಕಾಣಲಿಲ್ಲ. ಆಕೆಯ ಬೆರಳು ಹೋದ ದಾರಿಯಲ್ಲಿ ಪೌಡರು ಎದ್ದುಬಂದು, ಬಿಳಿ ಹಣೆಯ ಮೇಲೆ ನನ್ನದೇ ಬಣ್ಣದ ಮೂರು ಪಟ್ಟೆ ಮೂಡಿದ್ದವು. ಸಾಲದೇನೋ ಎಂದು ಇನ್ನೊಮ್ಮೆ ಎಳೆದಳು. ಪಟ್ಟೆ ಇನ್ನಷ್ಟು ಅಗಲವಾದವು.

"ಇದೇನವ್ವ, ನಾ ಹಚ್ಚಿದ್ದು ಬಿಳೀದು, ಮೂಡಿದ್ದು ಕರೀದು" ಎಂದಳು ಅಜ್ಜಿ.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ನನ್ನ ಕ್ಲಾಸ್‌ರೂಮು, ಬ್ಲಾಕ್‌ಬೋರ್ಡು, ಎಲ್ಲವೂ ಬಾಗಿಲು ದಾಟಿ ಹೊಳೆಯ ಕಡೆ ನಡೆದುಹೋಗುವುದು ಕಂಡಿತು. ಅತ್ತೆ ಮಾತ್ರ ಜಗ್ಗುವವಳಲ್ಲ. ಗಟ್ಟಿ ಹಳೇದಿರಬೇಕು, ಥಂಡಿ ಹಿಡಿದಿರಬೇಕು ಎಂದು ವಿಭೂತಿಯ ಮೇಲೇ ತಪ್ಪು ಹೊರಿಸಿದಳು. ಅಜ್ಜಿಗೆ ಸಿಟ್ಟು ಬಂತು. ಗಟ್ಟಿಯನ್ನು ಪರೀಕ್ಷೆ ಮಾಡಿಯೇ ಬಿಡುತ್ತೇನೆಂದು ಪಕ್ಕದಲ್ಲಿದ್ದ ಮೊಮ್ಮಗನ ಕಡೆ ತಿರುಗಿದಳು.

"ಬಾರಲೇ ಇಲ್ಲಿ."

"ಬ್ಯಾಡಜ್ಜಿ" ಎಂದ ಹುಡುಗ, ಕುರ್ಚಿಯನ್ನೇ ಹಿಂದಕ್ಕೆ ಸರಿಸುತ್ತ.

ಅಜ್ಜಿ ಅವನ ತಲೆಯನ್ನು ಕಂಕುಳಲ್ಲಿ ಅವುಚಿ ಮೂರು ಬೆರಳು ಎಳೆದಳು. ಅವನ ಹಣೆಯ ಮೇಲೂ ಮೂರು ಕರಿಪಟ್ಟೆ, ನನ್ನವಕ್ಕಿಂತ ಒಂದು ಕೈ ಮೇಲು.

"ಗಟ್ಟಿಯಾಗ ಏನೂ ತಪ್ಪಿಲ್ಲ ಬಿಡ್ರಿ" ಎಂದಳು ಅಜ್ಜಿ. ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. "ಎದ್ದೇಳ್ರಿ ಇಬ್ರೂ. ಹಿತ್ತಲಿಗೆ ಹೋಗಿ ಮಾರಿ ತೊಳಕಂಡು ಬರ್ರಿ. ಯಾರನ್ನ ನೋಡಾಕ ಬಂದೀವಿ ಅಂತ ನಮಗೂ ಗೊತ್ತಾಗ್ಲಿ."

ಹೆಣ್ಣು ನೋಡಲು ಬಂದ ಗಂಡು, ಹೆಣ್ಣಿನ ಕೈಗೆ ನೀರು ಹಾಕಿದ್ದು ಹರಿಹರದಲ್ಲಿ ಅದೇ ಮೊದಲಿರಬೇಕು. ಚೊಂಬು ಬಗ್ಗಿಸುತ್ತ ಅವನು ಮೆಲ್ಲಗೆ ಕೇಳಿದ, "ಮಂಡಿಪೇಟೆನಾ?"

ಹೌದೆಂದೆ.

"ನನಗೂ ಒಂದೇ ಕೆನ್ನೆಗೆ ಹಚ್ಚಿದ್ನರಿ. ಇನ್ನೊಂದಕ್ಕ ನಾನೇ ಕೇಳಿದೆ."

ನಗು ತಡೆಯಲಾಗದೆ ಮೂಗಿಗೆ ನೀರು ಹೋಯಿತು. ಪೌಡರಿನ ಜೊತೆಗೆ ಸಿಸ್ಟರುಗಳ ಮ್ಯಾನರ್ಸೂ ಬಚ್ಚಲಿಗೆ ಹರಿದುಹೋಗಿತ್ತೇನೋ, ಒದ್ದೆ ಮುಖ ಎತ್ತಿ ಹೇಳಿಯೇ ಬಿಟ್ಟೆ. "ಸ್ಕೂಲಿನ ಕೆಲಸ ನಾನು ಬಿಡಾಕಿಲ್ಲ. ಆಮೇಲೆ ಹೇಳ್ಲಿಲ್ಲ ಅನ್ನಬ್ಯಾಡ್ರಿ."

"ಬಿಡು ಅಂದೋರು ಯಾರು?" ಎಂದು ಅವನು ನನ್ನ ಮುಖವನ್ನು ಮೊದಲ ಸಲ ನೋಡಿದ. ನೋಡಿ, ಚೊಂಬನ್ನು ನನ್ನ ಕೈಗೆ ಕೊಟ್ಟು ಬಗ್ಗಿದ. "ಈಗ ನನಗ ಹಾಕ್ರಿ."

ನಲವತ್ತು ವರ್ಷಕ್ಕೂ ಮೇಲೆ ಅವರ ಜೊತೆ ಬಾಳಿದೆ. ರಿಟೈರ್ ಆಗುವವರೆಗೂ ಪಾಠ ಮಾಡಿದೆ. ಅವರು ಹೋದ ಮೇಲೆ ನನ್ನ ಮುಖವನ್ನು ಗಮನವಿಟ್ಟು ನೋಡುವವರು ಡಾಕ್ಟರೊಬ್ಬರೇ, ಅದೂ ಕಣ್ಣಿನ ಡಾಕ್ಟರು.

ಮಾಲಿನ ಹುಡುಗಿ ಬ್ರಷ್ ಹಿಡಿದುಕೊಂಡೇ ಇದನ್ನೆಲ್ಲ ಕೇಳಿದಳು, ಯಾಕೆಂದರೆ ಬೈಯುವ ಬದಲು ನಾನು ಅವಳಿಗೆ ಕಥೆ ಹೇಳಿಬಿಟ್ಟಿದ್ದೆ. ಅವಳ ಗದ್ದದ ಕೆಳಗೆ ಬಿಳಿ ಬಣ್ಣ ಮುಗಿದು ಕಪ್ಪು ಶುರುವಾಗುವ ಗೆರೆ ಆಗಲೇ ನನ್ನ ಕಣ್ಣಿಗೆ ಬಿದ್ದದ್ದು. ಊರು ಕೇಳಿದೆ. ಮಾಯಕೊಂಡ ಎಂದಳು. ದಿನಾ ಇದನ್ನು ಬಳಿದುಕೊಂಡೇ ಕೌಂಟರಿಗೆ ನಿಲ್ಲಬೇಕಂತೆ, ಕಂಪನಿಯ ರೂಲಂತೆ. ದಿನವೂ ಚಹಾದ ತಟ್ಟೆ ಹಿಡಿದು ನಿಂತ ಹಾಗೆ, ಅನ್ನಿಸಿತು ನನಗೆ. 

ಅವಳು ಒಮ್ಮೆ ಆಚೆ ನಿಂತಿದ್ದ ತನ್ನ ಸೂಪರ್‌ವೈಸರ್ ಕಡೆ ನೋಡಿ, ಡ್ರಾಯರಿನಿಂದ ಹತ್ತಿ ತೆಗೆದು, ತನ್ನ ನೀರಿನ ಬಾಟಲಿಯಿಂದಲೇ ಅದನ್ನು ತೋಯಿಸಿದಳು.

"ಇರ್ರಿ ಅಜ್ಜಿ, ಒರಸಿಬಿಡ್ತೀನಿ" ಎಂದಳು. ಮೇಡಂ ಅನ್ನುವುದನ್ನು ಯಾವಾಗ ಬಿಟ್ಟಳೋ ಅವಳಿಗೂ ಗೊತ್ತಿರಲಿಲ್ಲ. ನಾನು ಕಣ್ಣು ಮುಚ್ಚಿ ಕೆನ್ನೆ ಕೊಟ್ಟೆ.