ಉಳಿದುಕೊಂಡ ಒಂದೇ ಪದ

ಹೊಲಿಗೆ ಮೆಷಿನ್ ರಿಪೇರಿಯವರಿಗೆ ಬರುತ್ತಿದ್ದ ಇಂಗ್ಲಿಷ್ ಒಂದೇ ಪದ: ಸಿಸ್ಟಮ್ಯಾಟಿಕಲಿ. ಹರೆಯದಲ್ಲಿ ಕಾರ್ಖಾನೆಯ ಮೇಸ್ತ್ರಿಯಿಂದ ಕಲಿತದ್ದು. ಮೆಷಿನ್ ಬಿಚ್ಚುವಾಗ ಅಂಗಡಿಯ ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಇಡುತ್ತಾ, "ಸಿಸ್ಟಮ್ಯಾಟಿಕಲಿ ಹೋದ್ರೆ ಯಾವುದೂ ಕಳೆಯಲ್ಲ" ಎನ್ನುತ್ತಿದ್ದರು. ಕೇಳಿ ಕೇಳಿ ಹೆಂಡತಿಯ ಕಿವಿ ತೂತು ಬಿದ್ದಿತ್ತು. "ಊಟಾನೂ ಸಿಸ್ಟಮ್ಯಾಟಿಕಲಿ ಮಾಡ್ತೀರೋ, ಬಿಸಿ ಇದ್ದಾಗ್ಲೇ ಮಾಡ್ತೀರೋ?" ಎಂದು ಛೇಡಿಸುತ್ತಿದ್ದಳು.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ನಿಂತಲ್ಲೇ ಕುಸಿದರು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಬಲಗೈ ಏಳಲಿಲ್ಲ, ಮಾತೂ ಹೋಗಿತ್ತು. ನೀರು ಬೇಕಾ ಎಂದು ಹೆಂಡತಿ ಕೇಳಿದ್ದಕ್ಕೆ ತುಟಿ ಹೊರಳಿಸಿ ಹೊರಳಿಸಿ ಕೊನೆಗೆ ಅಂದದ್ದು, "ಸಿಸ್ಟಮ್ಯಾಟಿಕಲಿ."

ಅವಳಿಗೆ ನಗು ಬಂತು, ನಗುತ್ತಲೇ ಅಳು ಒತ್ತರಿಸಿ ಬಂತು. ಹಸಿವಿಗೂ ಅದೇ ಪದ, ನೋವಿಗೂ ಅದೇ, ಸಿಟ್ಟಿಗೂ ಅದೇ.

"ಹೀಗಾಗೋದುಂಟಮ್ಮ. ಬಾಯಿಗೆ ರೂಢಿಯಾದ ಪದ ಉಳ್ಕೊಳ್ಳುತ್ತೆ. ಮಿಕ್ಕಿದ್ದು ಬಂದ್ರೂ ಬರಬಹುದು" ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ಕೆಲವು ದಿನ ಗೋಡೆ ನೋಡುತ್ತಾ ಮಲಗಿದ್ದರು. ಆಮೇಲೊಮ್ಮೆ ಕಾಲೆಳೆದುಕೊಂಡು ಅಡುಗೆಮನೆಗೆ ಬಂದು, ಶೆಲ್ಫಿನ ಕೆಳಸಾಲಿನ ಮೊದಲ ಪಾತ್ರೆಗೆ ಬೆರಳು ತೋರಿಸಿದರು.

"ಲೋಟ" ಎಂದಳು ಹೆಂಡತಿ.

"ಸಿಸ್ಟ..." ಎಂದವರು ತುಟಿ ಕಚ್ಚಿಕೊಂಡು ಮತ್ತೆ ಶುರುಮಾಡಿದರು. "ಲೋ... ಲೋ..." ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಅವಳು ಪಕ್ಕದ ತಟ್ಟೆ ತೋರಿಸಹೋದರೆ ಅವಳ ಕೈ ಸರಿಸಿದರು. ಲೋಟ ಬಾಯಿಗೆ ಬರುವ ತನಕ ತಟ್ಟೆಗೆ ಹೋಗಲಿಲ್ಲ. ತಟ್ಟೆ ಬಂದ ಮೇಲೆ ಸೌಟು. ಒಂದು ಸಾಲು ಮುಗಿಸಿ ಮೇಲಿನ ಸಾಲು, ಅಡುಗೆಮನೆ ಮುಗಿಸಿ ನಡುಮನೆ. ಮರೆತುಹೋದರೆ ಮತ್ತೆ ಮೊದಲಿಂದ. ಹೆಂಡತಿ ಒಲೆಯ ಮೇಲಿನ ಹಾಲು ಉಕ್ಕಿದ್ದನ್ನೂ ಗಮನಿಸದೆ ನೋಡುತ್ತಿದ್ದಳು. ಚೆಲ್ಲಾಪಿಲ್ಲಿಯಾದ ಭಾಷೆಯನ್ನೆಲ್ಲ ಈ ಮನುಷ್ಯ ಎಡಗೈಯ ಒಂದು ಬೆರಳಿನಿಂದ ಜೋಡಿಸಲು ಕೂತಿದ್ದಾರಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು. ತಾನು ಗೇಲಿ ಮಾಡಿದ ಪದ ಇಷ್ಟು ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ.

ಕುರ್ಚಿ, ಗಡಿಯಾರ, ಪರದೆ ಆದ ಮೇಲೆ ಬೆರಳು ಅವಳ ಕಡೆ ತಿರುಗಿತು. ಅವಳು ತಬ್ಬಿಬ್ಬಾದಳು. ಮದುವೆಯಾದಾಗಿನಿಂದ ಅವರು ಕರೆದದ್ದು ಬರೀ "ಇವಳೇ". ಒದ್ದೆ ಕೈ ಒರೆಸಿಕೊಂಡು, ಮೇಷ್ಟ್ರ ಮುಂದೆ ನಿಂತ ಹುಡುಗಿಯಂತೆ ತನ್ನ ಹೆಸರು ಹೇಳಿದಳು.

ಅದು ಅವರ ನಾಲಿಗೆಗೆ ಸುಲಭಕ್ಕೆ ಬಗ್ಗಲಿಲ್ಲ. "ಬಿಡ್ರೀ, ಇವಳೇ ಅಂದ್ರೆ ಸಾಕು, ಮುಂದಕ್ಕೆ ಹೋಗೋಣ" ಎಂದು ಅವಳೇ ಅಂಗಲಾಚಿದಳು. ಅವರು ತಲೆಯಲ್ಲಾಡಿಸಿದರು.

ಒಂದು ಸಂಜೆ ಅವಳು ಬಟ್ಟೆ ಮಡಿಸುತ್ತಿದ್ದಾಗ ಬೆನ್ನ ಹಿಂದಿನಿಂದ ಹೆಸರು ಇಡಿಯಾಗಿ ಕೇಳಿಸಿತು. ಅವಳು ಓಗೊಡುವುದನ್ನೂ ಮರೆತು ಕೂತುಬಿಟ್ಟಳು. ಅವರು ಇನ್ನೊಮ್ಮೆ ಕರೆದರು.